ಸಿಡಿಯಲೊಲ್ಲದ ಸಿಡಿಮದ್ದು

ಕಲ್ಲುಗಣಿಗಳಿಗೆ ಸಿಡಿಮದ್ದು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಒಂದೇ ಭಯ, ಎಲ್ಲಿ ಸಿಡಿದುಬಿಡುತ್ತದೋ ಎಂದು. ಲೆಕ್ಕದಮ್ಮನಿಗೆ ಮಾತ್ರ ಸಿಡಿಯುತ್ತಿಲ್ಲವಲ್ಲ ಎಂಬ ಕೊರಗು. ಪೆಟ್ಟು ಬಿದ್ದ ಮದ್ದಿನಲ್ಲಿ ಬೆಂಕಿ ಎಲ್ಲಿ ಹುಟ್ಟುತ್ತದೆ, ಹೇಗೆ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವಳ ಕೆಲಸ. ಮೂರು ವಾರಗಳಿಂದ ಪರದೆಯ ಮೇಲಿನ ಮದ್ದು ಎಷ್ಟು ಪೆಟ್ಟು ತಿಂದರೂ ಕಮಕ್ ಕಿಮಕ್ ಎನ್ನದೆ ತಣ್ಣಗೆ ಕೂತಿತ್ತು.

ಕೊನೆಗೆ ಅವಳು ಬಿಗುಮಾನ ಬಿಟ್ಟು ಹಿಂದಿನ ಕಟ್ಟಡಕ್ಕೆ, ಸುತ್ತಿಗೆಯಣ್ಣನ ಬಳಿ ಹೋದಳು. ಚಿಟಿಕೆ ಮದ್ದಿನ ಮೇಲೆ ಭಾರದ ಸುತ್ತಿಗೆ ಬೀಳಿಸಿ, ಸಿಡಿಯಿತೋ ಇಲ್ಲವೋ ಎಂದು ಪರೀಕ್ಷಿಸುತ್ತಲೇ ತಲೆ ನರೆತವರು ಅವರು. ಅವಳು ತಂದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನಮ್ಮಾ ಇದು, ಬೆಣ್ಣೆಮುದ್ದೆಯಾ?"

"ಮದ್ದು ಅಣ್ಣಾ."

"ಮದ್ದು ಇಷ್ಟು ನುಣ್ಣಗಿರುತ್ತಾ? ಬಾ ಇಲ್ಲಿ."

ಭೂತಗನ್ನಡಿಯ ಕೆಳಗೆ ಪುಡಿಯ ಕಾಳುಗಳು ಒರಟೊರಟಾಗಿ ಬಿದ್ದಿದ್ದವು, ನಡುವೆ ಸಣ್ಣ ಸಣ್ಣ ಸಂದುಗಳು.

"ಪೆಟ್ಟು ಬಿದ್ರೆ ಈ ಸಂದುಗಳು ಅಪ್ಪಚ್ಚಿ ಆಗ್ತವೆ. ಬಿಸಿಯೆಲ್ಲ ಅಲ್ಲೇ ಸೇರ್ಕೊಳ್ಳುತ್ತೆ. ನಿನ್ನ ಮದ್ದಲ್ಲಿ ಸಂದೇ ಇಲ್ವಲ್ಲಮ್ಮಾ."

ಲೆಕ್ಕ ಸುಲಭವಾಗಲೆಂದು ಎಲ್ಲವನ್ನೂ ನುಣ್ಣಗೆ ಸವರಿಬಿಟ್ಟವಳು ತಾನೇ. ಅವಳು ಹಣೆ ಚಚ್ಚಿಕೊಂಡಳು. ಮತ್ತೆ ಎರಡು ದಿನ ಕೂತು, ಕಾಳು ಕಾಳಾಗಿ, ಸಂದು ಸಂದಾಗಿ ಎಲ್ಲವನ್ನೂ ಹೊಸದಾಗಿ ಕಟ್ಟಿದಳು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಒಂದು ಸಂದಿನಲ್ಲಿ ಕೆಂಪು ಚುಕ್ಕೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ಎರಡೂ ಕೂಡಿಕೊಂಡು ನೋಡನೋಡುತ್ತಲೇ ಪರದೆ ತುಂಬಿದವು. ಲೆಕ್ಕದಮ್ಮ ಮೈಮೇಲೆ ಎಚ್ಚರವಿಲ್ಲದೆ, "ಹೊತ್ಕೊಂತು, ಹೊತ್ಕೊಂತು" ಎಂದು ಕೂಗುತ್ತ ಪಡಸಾಲೆಗೆ ಓಡಿ ಬಂದಳು.

ಬೇರೆ ಕಚೇರಿಯಾಗಿದ್ದರೆ ಏನೆಂದು ಕೇಳುತ್ತಿದ್ದರು. ಇಲ್ಲಿ ಕಾವಲುಗಾರ ಅಪಾಯದ ಗಂಟೆಯನ್ನೇ ಒತ್ತಿದ. ಎರಡೇ ನಿಮಿಷದಲ್ಲಿ ನೂರು ಜನ ಅಂಗಳದಲ್ಲಿದ್ದರು. ಅಡುಗೆಯವನ ಕೈಯಲ್ಲಿ ಸೌಟು, ನಿರ್ದೇಶಕರ ಒಂದು ಕಾಲಿನಲ್ಲಿ ಮಾತ್ರ ಬೂಟು.

"ಎಲ್ಲಮ್ಮಾ ಬೆಂಕಿ?" ಎಂದರು ನಿರ್ದೇಶಕರು.

"ಕಂಪ್ಯೂಟರಲ್ಲಿ, ಸಾರ್."

ಕೇಳಿದ್ದೇ ತಡ, ಕಾವಲುಗಾರ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಅವಳ ಕೋಣೆಯತ್ತ ದೌಡಾಯಿಸಿದ. ಅವಳು ಎದ್ದೆನೋ ಬಿದ್ದೆನೋ ಎಂದು ಅವನನ್ನು ದಾಟಿ ಓಡಿ, ಬಾಗಿಲಿಗೆ ಅಡ್ಡ ನಿಂತಳು.

"ಬೆಂಕಿ ಹತ್ತಿರೋದು ಕಂಪ್ಯೂಟರಿಗಲ್ಲಪ್ಪಾ, ಲೆಕ್ಕಕ್ಕೆ."

ವಿಷಯ ತಿಳಿದು ಸುತ್ತಿಗೆಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತೊಂದು ವರ್ಷದಲ್ಲಿ ನಾನು ಒಬ್ಬರನ್ನೂ ಹೀಗೆ ಓಡಿಸಿಲ್ಲ. ನೀನು ಚಿಟಿಕೆ ಮದ್ದಿಲ್ಲದೆ ನೂರು ಜನರನ್ನ ಓಡಿಸಿದೆ."

ಮಧ್ಯಾಹ್ನ, ಮದ್ದು ಸಿಡಿಯಲು ಇಷ್ಟು ಬೇಕೆಂದು ಅವಳ ಲೆಕ್ಕ ಹೇಳಿದ ಎತ್ತರದಿಂದಲೇ ಅವರು ಸುತ್ತಿಗೆ ಬಿಟ್ಟರು. ಫಟ್ ಎಂದಿತು. ಒಂದು ಗೇಣು ಕೆಳಗಿನಿಂದ ಬಿಟ್ಟಾಗ ಸದ್ದಿಲ್ಲ. ಅವರು ಕೈ ಒರೆಸಿಕೊಂಡು ಅವಳ ಕೋಣೆಗೆ ಬಂದು ಪರದೆಯ ಮುಂದೆ ಕೂತರು.

"ಇಷ್ಟು ವರ್ಷ ಸದ್ದು ಕೇಳಿದ್ದಷ್ಟೇ. ಬೆಂಕಿ ಹುಟ್ಟೋದನ್ನ ನೋಡಿರ್ಲಿಲ್ಲ. ನಿಧಾನಕ್ಕೆ ತೋರಿಸಮ್ಮಾ."

ಅವಳು ಏಳು ಸಲ ತೋರಿಸಿದಳು.