ಮೂರನೇ ಸಿಲಿಂಡರ್ ಸುಮ್ಮನಾದದ್ದು

"ಬೋಳಿಮಗನೆ, ನಿಮ್ಮಪ್ಪ ಬಿಟ್ಟುಹೋದ ಗಾಡಿ ಅಂದ್ಕೊಂಡ್ಯೇನೋ ಇದು? ಆಯಿಲ್ ಇಲ್ದೆ ಓಡ್ಸಿ ಪಿಸ್ಟನ್ ರಿಂಗು ತಿಂದು ಹಾಕಿದ್ದೀಯ. ಹಾಕೋ ಸಹಿ!"

"ಆಯಿಲ್ ಇತ್ತು ಧಣಿ. ಹೊರಡೋಕೆ ಮುಂಚೆ ಕಡ್ಡಿ ಎಳೆದು ನೋಡಿದ್ದೆ."

"ಕಡ್ಡಿ ನೋಡಿದ್ನಂತೆ ಕಡ್ಡಿ! ಎದುರು ಮಾತಾಡ್ತೀಯಾ ಮುಂಡೇದೆ?"

ಬೈಗುಳ ಬೀಳುತ್ತಿದ್ದದ್ದು ಲಾರಿ ಓಡಿಸುವ ಮೈದುನನ ಮೇಲೆ. ಅದನ್ನು ಲಾರಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕೇಳಿಸಿಕೊಳ್ಳುತ್ತಿದ್ದವಳು ಅವನ ಅತ್ತಿಗೆ, ಧಣಿಯ ಲಾರಿ ಶೆಡ್ಡಿನ ಮೆಕ್ಯಾನಿಕ್ಕು. ಅವಳಿಗೆ ಸ್ಪ್ಯಾನರಕ್ಕ ಅಂತಲೇ ಹೆಸರು. ಧಣಿ ಬಾಯಿ ತೆರೆದಾಗಲೆಲ್ಲ ಅವಳಿಗೆ ಲಾರಿಯ ಕೆಳಗೇ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅಲ್ಲಿದ್ದರೆ ಬೈಗುಳ ಮೇಲಿಂದ ಹಾದುಹೋಗುತ್ತದೆ, ಎಂಜಲು ಮುಖಕ್ಕೆ ಸಿಡಿಯುವುದಿಲ್ಲ.

ಆದರೆ ಇವತ್ತು ಮಲಗಿರುವ ಹಾಗಿರಲಿಲ್ಲ. ಗುಮಾಸ್ತನ ಕೈಯಲ್ಲಿ ಟೈಪು ಮಾಡಿದ ಕಾಗದವಿತ್ತು. "ಎಂಜಿನ್ ಕೆಡಿಸಿದ್ದು ನಾನೇ" ಎಂದು ಅದರಲ್ಲಿ ಬರೆದಿತ್ತು. ಅಂಥ ಕಾಗದಕ್ಕೆ ಸಹಿ ಬಿತ್ತೆಂದರೆ ಅದರ ನಕಲು ಊರಿನ ಅಷ್ಟೂ ಲಾರಿ ಆಫೀಸುಗಳ ಗೋಡೆಗೆ ಅಂಟುತ್ತದೆ. ಆಮೇಲೆ ಅವನಿಗೆ ಯಾರೂ ಕೈಗಾಡಿಯನ್ನೂ ತಳ್ಳಲು ಕೊಡುವುದಿಲ್ಲ. ಹೋದ ವರ್ಷ ಮೀಸೆ ಡ್ರೈವರ್ ಹೀಗೇ ಸಹಿ ಹಾಕಿದ್ದ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಈಗ ಪೆಟ್ರೋಲ್ ಬಂಕಿನಲ್ಲಿ ಕಂಡವರ ಗಾಡಿಯ ಗಾಜು ಒರೆಸುತ್ತಿದೆ, ಮೀಸೆಯೂ ಇಲ್ಲ.

ಸ್ಪ್ಯಾನರಕ್ಕ ತೆವಳಿಕೊಂಡು ಹೊರಬಂದಳು.

"ಹಾಂ, ಬಂದ್ಲು ಮಹಾರಾಣಿ," ಎಂದ ಧಣಿ. "ರಿಂಗು ಹೋಗಿದೆ ಅಂತ ಒಂದು ಮಾತು ಹೇಳು, ಮುಗೀತು. ಗುಮಾಸ್ತ ಬರ್ಕೊಳ್ತಾನೆ."

"ಹೇಳ್ಬೋದಿತ್ತು ಧಣಿ. ಆದ್ರೆ ಎಂಜಿನ್ನನ್ನ ಒಂದು ಮಾತು ಕೇಳ್ದೆ ಹೇಳೋದು ಹೇಗೆ? ಹುಡುಗಿ ನೋಡ್ದೆ ತಾಳಿ ಕಟ್ಟಿದ ಹಾಗಾಗುತ್ತೆ."

ಪಕ್ಕದಲ್ಲಿ ನಿಂತಿದ್ದ ಐದು ಜನ ಡ್ರೈವರುಗಳು ನೆಲ ನೋಡಿಕೊಂಡು ನಕ್ಕರು. ಧಣಿಯ ಅಳಿಯ ನಗಲಿಲ್ಲ. ಅಳಿಯ ಬಂದು ಮೂರು ತಿಂಗಳಾಗಿತ್ತು. ಶೆಡ್ಡಿನ ಉಸ್ತುವಾರಿಯೆಲ್ಲ ಈಗ ಅವನದೇ. ಇಸ್ತ್ರಿ ಮಾಡಿದ ಅಂಗಿ, ಕೈಗೆ ಬಿಳಿ ಗವಸು. ಗವಸು ಇನ್ನೂ ಬಿಳಿಯಾಗಿಯೇ ಇತ್ತು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

"ಗಂಡ ನೆಟ್ಟಗಿದ್ದಾಗ ಬಾಲ ಮುದುರ್ಕೊಂಡಿದ್ಲು, ಈಗ ನೋಡಿ ಮಾವ, ನಮಗೇ ಪಾಠ ಹೇಳ್ತಾಳೆ," ಎಂದ ಅಳಿಯ.

ಸವೆದ ಜಾಕು ಬದಲಾಯಿಸಿ ಎಂದು, ಇದೇ ಶೆಡ್ಡಿನಲ್ಲಿ ಮೆಕ್ಯಾನಿಕ್ಕಾಗಿದ್ದ ಅವಳ ಗಂಡ ಧಣಿಗೆ ಏಳು ಸಲ ಹೇಳಿದ್ದ. ಎಂಟನೆಯ ಸಲ ಹೇಳುವ ಮೊದಲೇ ಜಾಕು ಜಾರಿ ಅವನ ಸೊಂಟ ಮುರಿಯಿತು. ಹತ್ತು ವರ್ಷ ಅವನ ಕೈಗೆ ಸ್ಪ್ಯಾನರ್ ಎತ್ತಿಕೊಟ್ಟವಳು, ಅವತ್ತಿನಿಂದ ತಾನೇ ತಿರುಗಿಸತೊಡಗಿದಳು. ಈಗ ಅವಳು ಸ್ಪ್ಯಾನರ್ ಎತ್ತಿಕೊಂಡು ಮೈದುನನಿಗೆ, "ಹತ್ತೋ, ಸ್ಟಾರ್ಟ್ ಮಾಡು," ಎಂದಳು.

ಎಂಜಿನ್ ಎದ್ದಿತು, ಕುಂಟಿತು. ಲಾರಿಯಿಡೀ ಜ್ವರ ಬಂದವರಂತೆ ಗಡಗಡ ನಡುಗಿತು. ಅವಳು ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಬಂದಳು. ದುಡಿಯುತ್ತಿರುವ ಸಿಲಿಂಡರಿಗೆ ಡೀಸೆಲ್ ತಪ್ಪಿಸಿದರೆ ಎಂಜಿನ್ ಇನ್ನಷ್ಟು ಕುಂಟಬೇಕು. ಒಂದನೆಯದಕ್ಕೆ ಕುಂಟಿತು. ಎರಡನೆಯದಕ್ಕೂ ಕುಂಟಿತು. ಮೂರನೆಯದನ್ನು ಸಡಿಲಿಸಿದಳು, ಎಂಜಿನ್ನಿಗೆ ಗೊತ್ತೇ ಆಗಲಿಲ್ಲ.

"ನೋಡಿ ಧಣಿ, ಮೂರನೇದು ಮಾವನ ಮನೇಲಿ ಕೂತು ತಿನ್ನೋ ಅಳಿಯನ ಹಾಗೆ. ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಈ ಸಲ ಗುಮಾಸ್ತನಿಗೂ ಕೆಮ್ಮು ಬಂತು. ಧಣಿ ಅವನತ್ತ ತಿರುಗಿ ನೋಡಿದ. ಕೆಮ್ಮು ನಿಂತಿತು.

ಎಂಜಿನ್ ನಿಲ್ಲಿಸಿ, ಮೊದಲು ಎರಡನೆಯದರ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಆ ತೂತಿಗೆ ಸಿಲಿಂಡರಿನ ಒತ್ತಡ ಅಳೆಯುವ ಮೀಟರ್ ತಿರುಗಿಸಿ ಕೂರಿಸಿದಳು. ಮೈದುನ ಚಾವಿ ತಿರುಗಿಸಿದ. ಮುಳ್ಳು ಜಿಗಿದು ಹಸಿರು ಗೆರೆಯಲ್ಲಿ ಹೋಗಿ ನಿಂತಿತು. ಮೂರನೆಯದಕ್ಕೆ ಹಾಕಿದಾಗ ಅರ್ಧ ದಾರಿಯಲ್ಲೇ ಸುಸ್ತಾಯಿತು. ಅವಳು ಅದೇ ತೂತಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಮೀಟರ್ ಹಾಕಿದಳು.

"ಪಿಸ್ಟನ್ ರಿಂಗು ಸವೆದಿದ್ರೆ ಈ ಎಣ್ಣೆ ಸಂದಿ ಮುಚ್ಚುತ್ತೆ ಧಣಿ. ಆಗ ಮುಳ್ಳು ಮೇಲೇರ್ಬೇಕು."

ಮೈದುನ ಮತ್ತೆ ಚಾವಿ ತಿರುಗಿಸಿದ. ಮುಳ್ಳು ಹಿಂದಿನ ಸಲ ನಿಂತಲ್ಲೇ ನಿಂತಿತು. ಮೈದುನನ ಮುಖಕ್ಕೆ ಸ್ವಲ್ಪ ಕಳೆ ಬಂತು.

"ಆ ಮುಳ್ಳು ನಿನ್ನ ಮಾತೇ ಕೇಳುತ್ತೆ," ಎಂದ ಧಣಿ. "ನಿನ್ನ ಮೀಟರ್ರು, ನಿನ್ನ ಮೈದುನ, ನಿನ್ನ ಚಮಚ. ನಾನೇನು ಕಿವಿಗೆ ಹೂ ಇಟ್ಕೊಂಡಿದ್ದೀನಾ?"

"ಹಾಗಾದ್ರೆ ಮೀಟರ್ ಬೇಡ. ನಿಮ್ಮದೇ ಕಾಗದದಲ್ಲಿ ನೋಡೋಣ."

"ಯಾವ ಕಾಗದ?"

"ಸಹಿ ಹಾಕಿಸೋಕೆ ತಂದಿದ್ದೀರಲ್ಲ, ಅದೇ. ಸಿಲಿಂಡರಿಗೆ ಗಾಳಿ ತುಂಬ್ತೀನಿ. ಎಲ್ಲಿ ತೂತಿದೆಯೋ ಅಲ್ಲಿಂದ ಗಾಳಿ ಬರ್ಲೇಬೇಕು. ರಿಂಗು ಹೋಗಿದ್ರೆ ಎಣ್ಣೆ ಹಾಕೋ ಬಾಯಿಂದ ಬರುತ್ತೆ. ಅಲ್ಲಿ ಕಾಗದ ಇಡಿ. ಹಾರಿದ್ರೆ ಇವನು ಸಹಿ ಹಾಕ್ತಾನೆ."

"ಅತ್ತಿಗೇ!" ಎಂದ ಮೈದುನ.

"ಸುಮ್ನಿರೋ."

ಧಣಿಗೆ ಪಂದ್ಯವೆಂದರೆ ಪ್ರಾಣ. ಐದು ಜನ ಡ್ರೈವರುಗಳ ಮುಂದೆ ಎದೆ ಉಬ್ಬಿಸಿ, "ಆಯ್ತು! ಹಾರಿದ್ರೆ ಸಹಿ. ಹಾರ್ಲಿಲ್ಲ ಅಂದ್ರೆ ನಾನೇ ಹರಿದು ಹಾಕ್ತೀನಿ," ಎಂದ.

ಅವಳು ಪಿಸ್ಟನ್ನನ್ನು ತುದಿಗೆ ತಂದು, ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಎರಡೂ ವಾಲ್ವು ಮುಚ್ಚಿರುವ ಹದದಲ್ಲಿ ನಿಲ್ಲಿಸಿ, ಲಾರಿಯನ್ನು ಗೇರಿಗೆ ಹಾಕಿಸಿ ಚಕ್ರಕ್ಕೆ ಕಲ್ಲು ಕೊಟ್ಟಳು. ಟೈರಿಗೆ ಗಾಳಿ ಹೊಡೆಯುವ ಪೈಪನ್ನು ಮೂರನೆಯ ತೂತಿಗೆ ಬಿಗಿದಳು. ಗುಮಾಸ್ತ ಎಣ್ಣೆ ಹಾಕುವ ಬಾಯಿಯ ಮೇಲೆ ಕಾಗದವನ್ನು ಅಡ್ಡ ಇಟ್ಟ. ಗಾಳಿಯ ನಲ್ಲಿ ತಿರುಗಿತು. ಕಾಗದ ಒಂಚೂರು ನಡುಗಿ ಸುಮ್ಮನಾಯಿತು.

"ಹಾರ್ತು, ಹಾರ್ತು!" ಎಂದ ಅಳಿಯ.

"ಅಷ್ಟು ಉಸಿರು ಹೊಸ ಎಂಜಿನ್ನಿಗೂ ಇರುತ್ತೆ ಅಳಿಯಂದ್ರೇ. ಜೀವ ಇದೆಯಲ್ಲ, ಪಾಪ."

ಗಾಳಿ ಒಳಗೆಳೆಯುವ ಬಾಯಿಗೆ ಹಿಡಿಸಿದಳು, ಕಾಗದ ಮಿಸುಕಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆಸಿದಳು, ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಎಲ್ಲಿಂದಲೋ ಸುಂಯ್ ಎನ್ನುವ ಸದ್ದು ಬರುತ್ತಲೇ ಇತ್ತು. ಎಲ್ಲಿಂದ ಎನ್ನುವುದು ಅವಳಿಗೆ ಆಗಲೇ ತಿಳಿದಿತ್ತು. ನಲ್ಲಿ ಮುಚ್ಚಿದಳು.

"ಇನ್ನೊಂದೇ ಬಾಕಿ ಧಣಿ, ಹಿಂದಿನ ಹೊಗೆ ಪೈಪು. ನಮ್ಮ ಕೈ ಮೇಲೆ ನಿಮಗೆ ನಂಬಿಕೆ ಇಲ್ಲ. ಈ ಸಲ ನೀವೇ ಹಿಡೀರಿ. ಬಗ್ಗಿ, ಹತ್ರದಿಂದ ನೋಡಿ."

ಧಣಿ ಬಿಳಿ ಪಂಚೆ ಎತ್ತಿ ಕಟ್ಟಿ, ಹೊಗೆ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡೂ ಕೈಯಲ್ಲಿ ಕಾಗದ ಹಿಡಿದು ಪೈಪಿನ ಬಾಯಿಗೆ ಒಡ್ಡಿದ.

"ಅತ್ತಿಗೆ, ನಲ್ಲಿ ಅರ್ಧ ತಿರುಗಿಸಿದ್ರೆ ಸಾಕಲ್ವಾ?" ಎಂದು ಮೈದುನ ಪಿಸುಗುಟ್ಟಿದ.

"ಸಾಕಪ್ಪ," ಎಂದು ಪೂರ್ತಿ ತಿರುಗಿಸಿದಳು.

ಭುಸ್ಸಂತ ಬಂತು. ವರ್ಷಗಟ್ಟಲೆ ಪೈಪಿನಲ್ಲಿ ಕೂತಿದ್ದ ಮಸಿಯೆಲ್ಲ ಕಾಗದವನ್ನು ದಾಟಿ ಧಣಿಯ ಮುಖ, ಎದೆ, ಪಂಚೆ ಎಲ್ಲದರ ಮೇಲೂ ಬಂದು ಕೂತಿತು. ಕಾಗದ ಕೈತಪ್ಪಿ ಹಾರಿ ಅಳಿಯನ ಇಸ್ತ್ರಿ ಅಂಗಿಗೆ ಅಂಟಿಕೊಂಡಿತು. ಧಣಿ ಕಣ್ಣು ಪಿಳಿಪಿಳಿ ಬಿಟ್ಟ. ಇಡೀ ಅಂಗಳದಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಆ ಎರಡು ಕಣ್ಣು, ಜೊತೆಗೆ ಡ್ರೈವರುಗಳ ಹಲ್ಲು.

"ರಿಂಗಲ್ಲ ಧಣಿ. ಹೊಗೆ ಬಿಡೋ ವಾಲ್ವು ಸುಟ್ಟಿದೆ," ಎಂದಳು ಅವಳು, ಒಂಚೂರೂ ನಗದೆ. "ಇನ್ನು ಕಾಗದ ಹರೀರಿ."

ಧಣಿ ಹರಿಯಲಿಲ್ಲ. ಮುಖ ಒರೆಸಿಕೊಂಡ, ಮಸಿ ಇನ್ನಷ್ಟು ಅಗಲವಾಯಿತು. "ವಾಲ್ವು ತಾನಾಗೇ ಸುಡುತ್ತೇನೇ ಲೌಡಿ? ಅದನ್ನ ಕೂರಿಸೋಳು ನೀನು. ಗುಮಾಸ್ತ, ಆ ಹೆಸರು ಹೊಡೆದು ಇವಳ ಹೆಸರು ಬರಿ!"

ಇಂಥದ್ದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಮನೆಯಲ್ಲಿ ಮಲಗಿದಲ್ಲೇ ಇರುವ ಗಂಡ ಕಣ್ಣ ಮುಂದೆ ಬಂದ. ಅವಳು ಎಂಜಿನ್ ಮೇಲಿನ ತಗಡಿನ ಮುಚ್ಚಳ ಬಿಚ್ಚಿದಳು. ಒಳಗೆ ಹನ್ನೆರಡು ವಾಲ್ವು, ಒಂದೊಂದನ್ನೂ ತಟ್ಟಿ ತೆರೆಯುವ ಹನ್ನೆರಡು ಕಬ್ಬಿಣದ ಕೈಗಳು. ಡ್ರೈವರುಗಳೆಲ್ಲ ಇಣುಕಿದರು. ಕೈಗೂ ವಾಲ್ವಿಗೂ ನಡುವೆ ಬ್ಲೇಡಿನಷ್ಟು ಸಂದಿ ಇರಬೇಕು. ಅಷ್ಟು ಸಂದಿ ಇದ್ದರೆ ಟಕಟಕ ಸದ್ದು ಬರುತ್ತದೆ. ಸಂದಿ ಇಲ್ಲದಿದ್ದರೆ ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚದು, ಬೆಂಕಿ ಅದನ್ನೇ ತಿನ್ನುತ್ತದೆ. ಎಂಜಿನ್ ತಿರುಗಿಸಿಕೊಳ್ಳುತ್ತ ಅವಳು ತೆಳು ತಗಡಿನ ಪಟ್ಟಿಯನ್ನು ಒಂದೊಂದೇ ಸಂದಿಯಲ್ಲಿ ಆಡಿಸಿದಳು. ಹನ್ನೊಂದರಲ್ಲಿ ಸರಾಗವಾಗಿ ಹೋಗಿಬಂತು. ಮೂರನೇ ಸಿಲಿಂಡರಿನ ಹೊಗೆ ಬಿಡುವ ವಾಲ್ವಿನ ಸಂದಿಯಲ್ಲಿ ಪಟ್ಟಿಯ ಮೂಗೂ ತೂರಲಿಲ್ಲ.

"ಈ ಹಳದಿ ಚುಕ್ಕೆ ನೋಡಿ. ಸಂದಿ ಹೊಂದಿಸಿದ ಮೇಲೆ ನಟ್ಟಿಗೆ ಬಣ್ಣದ ಚುಕ್ಕೆ ಇಡೋದು ನನ್ನ ಗಂಡ ಕಲಿಸಿದ್ದು. ಹನ್ನೊಂದು ಚುಕ್ಕೆ ನೆಟ್ಟಗಿವೆ. ಈ ಒಂದು ತಿರುಗಿದೆ, ನಟ್ಟಿನ ಮೂಲೆಯೆಲ್ಲ ಇಲಿ ಕಡಿದ ಹಾಗಾಗಿದೆ. ನಟ್ಟಿನ ಅಳತೆಗೆ ಸರಿಯಾದ ಸ್ಪ್ಯಾನರ್ ಹಾಕೋರು ಹೀಗೆ ಕಡಿಯಲ್ಲ."

"ಮತ್ಯಾರು ಕಡಿದ್ರು? ತೋರ್ಸು!"

"ತೋರಿಸ್ತೀನಿ ಧಣಿ, ನಿಮ್ಮ ಗೋಡೆ ಮೇಲೇ ಇದೆ."

ಆಫೀಸಿನೊಳಗೆ ಕೆಲಸದವರು ಕಾಲಿಡುವಂತಿರಲಿಲ್ಲ. ಸಂಬಳವನ್ನೂ ಕಿಟಕಿಯಲ್ಲಿ ಕೈಚಾಚಿಯೇ ಇಸಕೊಳ್ಳಬೇಕು. ಹಾಗೆ ತಿಂಗಳು ತಿಂಗಳು ಕಿಟಕಿಯಲ್ಲಿ ನಿಂತು ಕಾದವರಿಗೆಲ್ಲ ಒಳಗಿನ ಗೋಡೆ ಬಾಯಿಪಾಠವಾಗಿತ್ತು. ಸ್ಪ್ಯಾನರಕ್ಕ ಎಣ್ಣೆ ಸುರಿಯುವ ಚಪ್ಪಲಿಯಲ್ಲೇ ಹೊಸಿಲು ದಾಟಿದಳು. ಬಿಳಿ ಟೈಲ್ಸಿನ ಮೇಲೆ ಹೋಗುವಾಗ ಆರು ಕಪ್ಪು ಹೆಜ್ಜೆ, ಬರುವಾಗ ಆರು. ಕೈಯಲ್ಲಿ ಕಟ್ಟು ಹಾಕಿದ ಫೋಟೋ, ಅದರ ಕೆಳಗೆ ಮೊಳೆಗೆ ತೂಗುಹಾಕಿದ್ದ ಫಳಫಳ ಹೊಳೆಯುವ, ಎಂಥ ನಟ್ಟಿಗಾದರೂ ಬಾಯಿ ಹಿಗ್ಗಿಸಿ ಕುಗ್ಗಿಸುವ ದೊಡ್ಡ ತಿರುಪು ಸ್ಪ್ಯಾನರ್.

ಫೋಟೋದಲ್ಲಿ ಅಳಿಯ ಇದ್ದ. ಇದೇ ಲಾರಿ, ತೆರೆದ ಮುಚ್ಚಳ, ಮೂರನೆಯ ಸಿಲಿಂಡರಿನ ನಟ್ಟನ್ನು ಕಚ್ಚಿದ ಇದೇ ಸ್ಪ್ಯಾನರ್, ಮುಖದ ತುಂಬ ನಗೆ. ಧಣಿ ಖುಷಿಯಿಂದ ಕಟ್ಟು ಹಾಕಿಸಿ ಬಂದವರಿಗೆಲ್ಲ ತೋರಿಸುತ್ತಿದ್ದ ಫೋಟೋ ಅದು.

"ಅಳಿಯಂದ್ರೇ, ಅವತ್ತು ಏನು ಮಾಡಿದ್ರಿ ಹೇಳಿ?"

"ಟಕಟಕ ಅಂತ ತಲೆ ತಿನ್ನೋ ಸದ್ದು ಬರ್ತಿತ್ತು, ಬಿಗಿ ಮಾಡ್ದೆ," ಎಂದ ಅಳಿಯ ಹೆಮ್ಮೆಯಿಂದಲೇ. "ಆ ಒಂದರ ಸದ್ದು ನಿಂತಿತ್ತಲ್ಲ? ಉಳಿದದ್ದನ್ನೂ ಮಾಡ್ತಿದ್ದೆ, ಅಂಗಿಗೆ ಎಣ್ಣೆ ಹಾರ್ತು ಅಂತ ಎದ್ದೆ."

ಧಣಿ ಅಳಿಯನನ್ನು ನೋಡಿದ, ಫೋಟೋ ನೋಡಿದ, ಕೊನೆಗೆ ಅವನ ಅಂಗಿಯಿಂದ ಮಸಿ ಕಾಗದವನ್ನು ಬಿಡಿಸಿಕೊಂಡ.

"ಮನೆ ಮಗಳ ಗಂಡನ ಹೆಸರು ಊರ ಗೋಡೆಗೆ ಅಂಟಿಸೋಕಾಗುತ್ತಾ?" ಎಂದ ಮೆಲ್ಲಗೆ. ಆ ಮೆಲುದನಿ ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಯಾರಾದ್ರೊಬ್ರು ಸಹಿ ಹಾಕ್ಲೇಬೇಕು. ನೀನೋ, ಇವನೋ. ನೀವ್ ನೀವೇ ತೀರ್ಮಾನ ಮಾಡ್ಕೊಳ್ಳಿ."

ಮೈದುನ ಪೆನ್ನಿಗೆ ಕೈ ಚಾಚಿದ. "ಕೊಡಿ ಧಣಿ. ಅಣ್ಣ ಹಾಸಿಗೆ ಹಿಡಿದಿದ್ದಾನೆ. ಅತ್ತಿಗೆ ಕೆಲಸ ಹೋದ್ರೆ..."

ಅವಳು ಅವನ ಕೈ ಮೇಲೆ ಪಟೀರನೆ ಬಾರಿಸಿದಳು. "ತೆಗಿ ಕೈನ! ದೊಡ್ಡ ಧರ್ಮರಾಯ ಬಂದ. ನನ್ನ ಕಣ್ಮುಂದೆ ಇನ್ನೊಬ್ಬ ಮೀಸೆ ಡ್ರೈವರ್ ಆಗ್ಬೇಡ."

ಕಾಗದವನ್ನು ಧಣಿಯ ಕೈಯಿಂದ ಕಿತ್ತುಕೊಂಡಳು. ಹೆಸರೆಲ್ಲ ಮಸಿಯಲ್ಲಿ ಮುಚ್ಚಿಹೋಗಿ, "ಎಂಜಿನ್ ಕೆಡಿಸಿದ್ದು ನಾನೇ" ಎನ್ನುವುದಷ್ಟೇ ಕಾಣುತ್ತಿತ್ತು. ಅದನ್ನು ಫೋಟೋದ ಕಟ್ಟಿಗೆ ಸಿಕ್ಕಿಸಿ, ಫೋಟೋವನ್ನು ರಸ್ತೆಗೆ ಮುಖ ಮಾಡಿ ಗೇಟಿನ ಕಂಬಿಗೆ ತೂಗುಹಾಕಿದಳು. ತಿರುಗಿ ಡ್ರೈವರುಗಳನ್ನು ನೋಡಿದಳು.

ಮೊದಲು ಹೋಗಿ ತನ್ನ ಲಾರಿ ಹತ್ತಿದವನು ಎಲ್ಲರಿಗಿಂತ ಮುದುಕ. ಲಾರಿಯನ್ನು ತಂದು ಗೇಟಿಗೆ ಅಡ್ಡ ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಅವನ ಹಿಂದೆ ಎರಡನೆಯದು, ಮೂರನೆಯದು. ಐದೂ ಲಾರಿ ಸಾಲಾಗಿ ನಿಂತವು. ಒಳಗಿನ ಸರಕು ಒಳಗೆ, ಹೊರಗಿನದು ಹೊರಗೆ.

"ಆ ಕಾಗದದ ಮಾತು ಮುಗಿಯೋವರೆಗೂ ಒಂದು ಚಕ್ರ ತಿರುಗಲ್ಲ ಧಣೀ!" ಎಂದು ಮುದುಕ ಕಿಟಕಿಯಿಂದ ಕೂಗಿದ.

"ಎಲ್ರನ್ನೂ ಓಡಿಸ್ತೀನಿ ನನ್ಮಕ್ಳಾ! ಎಲ್ರ ಹೆಸರೂ ಅಂಟಿಸ್ತೀನಿ!" ಎಂದು ಧಣಿ ಅರಚಿದ. ಅರಚಿದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಐದು ಎಂಜಿನ್ನುಗಳು ಟಕಟಕ, ಟಕಟಕ, ಟಕಟಕ ಎಂದು ಅಂಗಳ ತುಂಬಿದ್ದವು.

ಅಳಿಯ ಬಿಳಿ ಗವಸಿನ ಕೈಯಲ್ಲಿ ಎರಡೂ ಕಿವಿ ಮುಚ್ಚಿಕೊಂಡ. "ಥೂ, ನಿಲ್ಸ್ರೋ ಆ ಸದ್ದನ್ನ!"

ಸ್ಪ್ಯಾನರಕ್ಕ ಹೊಳೆಯುವ ಆ ಸ್ಪ್ಯಾನರನ್ನು ಸೆರಗಿನಲ್ಲಿ ಒರೆಸಿ, ಹಿಡಿಯ ಕಡೆಯಿಂದ ಅವನಿಗೆ ಚಾಚಿದಳು.

"ತಗೊಳ್ಳಿ ಅಳಿಯಂದ್ರೇ. ಐದು ಗಾಡಿ, ಒಂದೊಂದಕ್ಕೆ ಆರು ಸಿಲಿಂಡರ್. ಯಾವುದರಿಂದ ಶುರು ಮಾಡ್ತೀರಿ?"