ಓರೆಯಾಗಿ ನೆಟ್ಟ ಗಿಡ

"ಬಿಡು! ಬಕೆಟ್ ಬಿಡು ಅಂದೆ!"

ಸೊಸೆ ಹಿತ್ತಿಲಿಗೆ ಓಡಿ ಬರುವಷ್ಟರಲ್ಲಿ ನಾದಿನಿ ಅರ್ಧ ಬಕೆಟ್ ನೀರನ್ನು ಅತ್ತೆಯ ಗಿಡಕ್ಕೆ ಸುರಿದಾಗಿತ್ತು. ಒಳಗೆ ಹಜಾರದಲ್ಲಿ ಅತ್ತೆಯ ಶವ. ಕೂತಿದ್ದವರೆಲ್ಲ ಕಿಟಕಿಯತ್ತ ಕತ್ತು ಚಾಚಿದರು. ಹೆಣ ನೋಡಲು ಬಂದವರಿಗೆ ಜಗಳವೂ ಸಿಕ್ಕಿದರೆ ಯಾರು ತಾನೇ ಬೇಡ ಅನ್ನುತ್ತಾರೆ?

"ನೋಡಿ ಎಲ್ರೂ," ನಾದಿನಿ ದನಿ ಏರಿಸಿದಳು. "ಅಮ್ಮನ ಗಿಡ ಹೇಗೆ ಒಣಗಿಸಿದಾಳೆ! ಆಸ್ಪತ್ರೆಯಲ್ಲೂ ಅಷ್ಟೇ. ಅಮ್ಮ ನೀರು ನೀರು ಅಂತ ಅಂಗಲಾಚಿದ್ರೆ ಚಮಚದಲ್ಲಿ ಅಳೆದು ಕೊಟ್ಟ ಮಹಾತಾಯಿ ಇವಳು!"

"ಕಿಡ್ನಿ ಕೈಕೊಟ್ಟಿತ್ತು. ಡಾಕ್ಟರ್ ಹೇಳಿದ್ದೇ ಅಷ್ಟು."

"ಡಾಕ್ಟರ್ ಹೆಸರಲ್ಲಿ ಹಗೆ ತೀರಿಸ್ಕೊಂಡೆ ಅನ್ನು."

ಹಗೆ ಇತ್ತು. ಅದನ್ನು ಸೊಸೆ ಯಾವತ್ತೂ ಮುಚ್ಚಿಟ್ಟವಳಲ್ಲ.

*

ಅತ್ತೆ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಬೆರಳು ಮರಗಟ್ಟುವ ತನಕ ದುಡಿದವಳು. ಕೆಲಸ ಬಿಟ್ಟ ದಿನ, ಕಾರ್ಖಾನೆಯ ಹಿಂದಿನ ಬಂಡೆಯಿಂದ ಅಲೆಗೆ ಕಳಚಿ ಬಿದ್ದಿದ್ದ ಈ ದಪ್ಪ ಎಲೆಯ ಗಿಡವನ್ನು ತಂದು, ಜಲ್ಲಿ ತುಂಬಿದ ಕುಂಡದಲ್ಲಿ ಓರೆಯಾಗಿ ನೆಟ್ಟಳು. ನಾದಿನಿ ಆಗಲೇ ಗಂಡನ ಮನೆ ಸೇರಿದ್ದಳು. ಹೊಸದಾಗಿ ಬಂದ ಸೊಸೆ, ಬೇಸಿಗೆಯಲ್ಲಿ ಗಿಡ ಸೊರಗಿದ್ದು ಕಂಡು, ಒಳ್ಳೆಯವಳು ಅನ್ನಿಸಿಕೊಳ್ಳೋಣ ಎಂದು ಅದನ್ನು ನೆಟ್ಟಗೆ ಮಾಡಿ ಚೊಂಬು ತುಂಬ ನೀರು ಹಾಕಿದಳು. ಅತ್ತೆ ಚೊಂಬು ಕಿತ್ತು ಎಸೆದಳು.

"ಬಂಡೆ ಮೇಲೆ ನೆಟ್ಟಗೆ ಬೆಳೆಯುತ್ತೇನೇ ಇದು? ಎಲೆ ನಡುವೆ ನೀರು ನಿಂತ್ರೆ ಕೊಳೆತು ಸಾಯುತ್ತೆ. ಬೇಸಿಗೇಲಿ ಮಲಗುತ್ತೆ, ಮಲಗಿದೋರ ಬಾಯಿಗೆ ನೀರು ಹೊಯ್ತಾರಾ? ದಡ್ಡಿ!"

ತಿಂಗಳುಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ. ಪಾಠ ಮಾತ್ರ ಸೊಸೆಗೆ ಮರೆಯಲಿಲ್ಲ.

*

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅತ್ತೆಯ ಬಳಿ ನಾದಿನಿ ಕೂತು ಹೋಗಿದ್ದಳು. ಸೊಸೆ ಬಂದಾಗ ನೀರಿನ ಜಗ್ಗು ಖಾಲಿಯಾಗಿತ್ತು, ಅತ್ತೆ ಏದುಸಿರು ಬಿಡುತ್ತಿದ್ದಳು. ಡಾಕ್ಟರನ್ನು ಕೂಗಲು ಹೊರಟವಳ ಕೈಯನ್ನು ಅತ್ತೆ ಹಿಡಿದಳು.

"ಕೇಳಿದ್ದು ನಾನೇ. ಅವಳಿಗೆ ಹೇಳ್ಬೇಡ."

"ನಾಳೆ ನನ್ನನ್ನ ಬೈತಾಳೆ."

"ಬೈಯ್ಲಿ. ನಿನಗೆ ಅಭ್ಯಾಸ ಇದೆ."

ಡಾಕ್ಟರು ಓಡಿ ಬಂದರು. ಏನೂ ಮಾಡಲಾಗಲಿಲ್ಲ.

*

ಜಗ್ಗಿನ ಮಾತು ಈಗ ಸೊಸೆಯ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕು, ನಾದಿನಿ ನಿಂತಲ್ಲೇ ಕುಸಿಯುತ್ತಿದ್ದಳು. ಕುಸಿಯಲಿ ಎಂದು ಮನಸ್ಸು ಹಾತೊರೆಯಿತು ಕೂಡ. ಸತ್ತ ಮೇಲೂ ಮಗಳ ಪಕ್ಷವೇ ಈ ಮುದುಕಿ, ಎಂದು ಹಲ್ಲು ಕಚ್ಚಿ ಅವಳು ಮಂಡಿಯೂರಿ ಕುಂಡವನ್ನು ಬಗ್ಗಿಸಿದಳು. ಎಲೆಗಳ ನಡುವಿನ ನೀರು ನೆಲಕ್ಕೆ ಹರಿಯಿತು.

"ಏನ್ ಮಾಡ್ತಿದೀಯ?"

"ಚೆಲ್ತಿದೀನಿ. ಬೇಸಿಗೇಲಿ ನೀರು ಹಾಕಿದ್ರೆ ಸಾಯುತ್ತೆ. ನಿಮ್ಮಮ್ಮ ಹೇಳಿದ್ದು."

ನಾದಿನಿಯ ಕೈಯಿಂದ ಬಕೆಟ್ ಜಾರಿತು. ಅವಳು ಹರಿಯುವ ನೀರನ್ನೇ ನೋಡುತ್ತ ನಿಂತಳು.

"ಅತ್ತಿಗೆ," ಇಡೀ ದಿನದಲ್ಲಿ ಮೊದಲ ಸಲ ಹಾಗೆ ಕರೆದಳು. ದನಿ ಕಿಟಕಿಯ ತನಕವೂ ಹೋಗಲಿಲ್ಲ. "ಪ್ರೀತಿಯಿಂದ ಕೊಟ್ರೂ... ಸಾಯುತ್ತಾ?"

ಸೊಸೆ ಕುಂಡದ ಕೆಳಗೆ ಕಲ್ಲು ಕೊಟ್ಟು ಓರೆಯಾಗಿ ನಿಲ್ಲಿಸಿದಳು. ಹೊರಗೆ ಶವದ ಗಾಡಿ ಹಾರ್ನ್ ಹೊಡೆಯಿತು. ನಾದಿನಿ ಕುಕ್ಕರಗಾಲಲ್ಲಿ ಕೂತು, ಕರವಸ್ತ್ರದ ತುದಿಯಿಂದ ಒಂದೊಂದೇ ಎಲೆಯ ಬುಡ ಒರೆಸತೊಡಗಿದಳು. ಒರೆಸಿದಲ್ಲೇ ಅವಳ ಕಣ್ಣೀರು ಮತ್ತೆ ಬೀಳುತ್ತಿತ್ತು.

"ಅಳೋದಿದ್ರೆ ಆಚೆ ಅಳು," ಎಂದು ಸೊಸೆ ಅವಳ ತಲೆಯನ್ನು ಗಿಡದ ಮೇಲಿಂದ ಪಕ್ಕಕ್ಕೆ ಸರಿಸಿದಳು.