ಹಸಿರು ನಕ್ಷತ್ರ

ನನ್ನ ಗಂಡ ಆಸ್ಗರ್ ಮಟಮಟ ಮಧ್ಯಾಹ್ನ ಫ್ರಿಜ್ ತೆರೆದು, ಹೆರಿಂಗ್ ಮೀನಿನ ಜಾಡಿ ಪಕ್ಕಕ್ಕೆ ಸರಿಸಿ ಅಲ್ಲಿ ಕ್ಯಾಮೆರಾ ಇಟ್ಟರೆ ನಾನು ಏನೂ ಕೇಳುವುದಿಲ್ಲ. ಕೇಳುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು. ಮುಚ್ಚಳ ಹಾಕಿದ ಕ್ಯಾಮೆರಾ ಒಳಗೆ ಕೂತು ಐದೈದು ನಿಮಿಷ ಬರೀ ಕತ್ತಲೆಯ ಚಿತ್ರ ತೆಗೆಯುತ್ತದೆ. ಆ ಕತ್ತಲೆಯಲ್ಲೂ ಅದರ ಕೆಲವು ಚುಕ್ಕಿಗಳು ತಮ್ಮಷ್ಟಕ್ಕೇ ಕೆಂಪು, ನೀಲಿ, ಹಸಿರಾಗಿ ಹೊಳೆಯುತ್ತವೆ. ಹಾಟ್ ಪಿಕ್ಸೆಲ್ ಅನ್ನುತ್ತಾರೆ. ಆಕಾಶದ ಚಿತ್ರದಲ್ಲೂ ಇವೇ ಸುಳ್ಳು ನಕ್ಷತ್ರಗಳಾಗಿ ಸೇರಿಕೊಂಡಿರುತ್ತವೆ. ಆಕಾಶದ ಚಿತ್ರದಿಂದ ಈ ಕತ್ತಲೆಯ ಚಿತ್ರವನ್ನು ಕಳೆದರೆ ನಿಜವಾದವು ಉಳಿಯುತ್ತವೆ. ಆದರೆ ಆಕಾಶ ನೋಡಿದಾಗ ಎಷ್ಟು ಚಳಿಯಿತ್ತೋ ಅಷ್ಟೇ ಚಳಿಯಲ್ಲಿ ಕತ್ತಲೆಯನ್ನೂ ತೆಗೆಯಬೇಕಂತೆ. ಹಾಗಾಗಿ ನನ್ನ ಫ್ರಿಜ್.

ಆಸ್ಗರ್‌ನ ಕಷ್ಟವೆಲ್ಲ ನಿಜವಾದ ನಕ್ಷತ್ರಗಳದ್ದು. ಅವನು ಆಸೆಬುರುಕ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾಕ್ಕೆ ಬೆಳಕು ತುಂಬಿಸುತ್ತಾನೆ, ನಕ್ಷತ್ರಗಳು ಬಣ್ಣ ಕಳೆದುಕೊಂಡು ಬಿಳಿ ಉಂಡೆಗಳಾಗುತ್ತವೆ. ನಮ್ಮ ಬಂದರು ಊರಿನ ಖಗೋಳ ಸಂಘ ವರ್ಷಕ್ಕೊಂದು ಚಿತ್ರವನ್ನು ಗ್ರಂಥಾಲಯದ ಗೋಡೆಗೆ ಹಾಕುತ್ತದೆ. ಆರಿಸುವವನು ನಿವೃತ್ತ ಮೇಷ್ಟ್ರು ಪ್ರೇಬೆನ್. ಅವನು ಕಳೆದ ಮೂರು ವರ್ಷವೂ ಆಸ್ಗರ್‌ನ ಚಿತ್ರ ತಳ್ಳಿಹಾಕಿದ. ಹೋದ ವರ್ಷವಂತೂ, ಇದು ಆಕಾಶವೋ ಬೇಯಿಸಿದ ಆಲೂಗಡ್ಡೆಯೋ ಎಂದು ಎಲ್ಲರೆದುರು ಕೇಳಿದ. ಈ ಸಲವೂ ಆಗದಿದ್ದರೆ ದೂರದರ್ಶಕ ಮಾರಿಬಿಡುತ್ತೇನೆ ಎಂದು ಆಸ್ಗರ್ ಹೇಳಿದ್ದ. ಮಾರಿದ ಮೇಲೆ ಅವನು ಎಷ್ಟು ಮಂಕಾಗುತ್ತಾನೆಂದು ನನಗೆ ಗೊತ್ತು. ದಿನವಿಡೀ ನನ್ನ ಅಡುಗೆಮನೆಯಲ್ಲಿ ಕೂತು ಸಲಹೆ ಕೊಡುತ್ತಾನೆಂದೂ ಗೊತ್ತು.

ಚಿತ್ರದ ಲಕೋಟೆಯನ್ನು ಸಂಘಕ್ಕೆ ತಲುಪಿಸುವ ಕೆಲಸ ನನ್ನದು. ಅದರೊಳಗಿನ ಅವನ ಚಿತ್ರ ಹೊರಗಿಟ್ಟು, ಫ್ರಿಜ್ಜಿನ ಕತ್ತಲೆಯ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಚೆನ್ನಾಗಿ ಹೊಳಪು ಕೊಟ್ಟು, ಅಂಗೈಯಗಲ ಮುದ್ರಿಸಿ ಒಳಗಿಟ್ಟೆ.

ಶನಿವಾರ ಮಧ್ಯಾಹ್ನ ಸಂಘದ ಕಾಫಿ. ಪ್ರೇಬೆನ್ ನಾಲ್ಕು ಜನರ ಮುಂದೆ ಕನ್ನಡಕ ಹಾಕುವವನಲ್ಲ. ಚಿತ್ರವನ್ನು ತೋಳುದ್ದ ದೂರ ಹಿಡಿದು ನೋಡಿದ.

"ನೋಡ್ರಪ್ಪಾ, ಬಣ್ಣ ಅಂದ್ರೆ ಇದು. ಒಂದು ನಕ್ಷತ್ರಾನೂ ಸುಟ್ಟಿಲ್ಲ. ಅಂತೂ ಆಸ್ಗರ್ ಕಲಿತ."

ಆಸ್ಗರ್ ಬಾಯಿ ತೆರೆದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದು, ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದೆ.

ಪ್ರೇಬೆನ್ ಖಾಲಿ ಕಪ್ಪುಗಳನ್ನು ಹಿಡಿದು ಸಂಘದ ಅಡುಗೆಮನೆಗೆ ಬಂದಾಗ ಅಲ್ಲಿ ನಾನೊಬ್ಬಳೇ ಇದ್ದೆ.

"ಪ್ರೇಬೆನ್, ನೀನು ಯಾವತ್ತಾದ್ರೂ ಹಸಿರು ನಕ್ಷತ್ರ ನೋಡಿದ್ದೀಯಾ?"

ಅವನು ನಕ್ಕ. ಕೆಂಪಿವೆ, ನೀಲಿ ಇವೆ, ಹಸಿರಾಗಿ ಕಾಣುವ ನಕ್ಷತ್ರ ಇಲ್ಲ ಎಂದು ಮಕ್ಕಳಿಗೆ ಹೇಳುವಂತೆ ಹೇಳತೊಡಗಿ, ಅರ್ಧದಲ್ಲೇ ನಿಲ್ಲಿಸಿದ. ಜೇಬಿನಿಂದ ಚಿತ್ರವನ್ನೂ ಕನ್ನಡಕವನ್ನೂ ತೆಗೆದು, ಕನ್ನಡಕ ಹಾಕಿಕೊಂಡು ನೋಡಿದ. ಬಹಳ ಹೊತ್ತು ನೋಡಿದ.

"ಇದು ಎಲ್ಲಿ ತೆಗೆದಿದ್ದು, ಲಿಸ್?"

"ನಮ್ಮ ಫ್ರಿಜ್‌ನಲ್ಲಿ. ಪಕ್ಕದಲ್ಲೇ ಹೆರಿಂಗ್ ಜಾಡಿ ಇತ್ತು, ಪಾಪ, ಅದು ಬಂದಿಲ್ಲ."

ಅವನ ಕಿವಿ ಕೆಂಪಾದವು. ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದ.

"ಇಲ್ಲ, ಹೇಳೋದೂ ಇಲ್ಲ. ಆದ್ರೆ ಮಂಗಳವಾರ ಮನೆಗೆ ಬಾ. ಮೂರು ವರ್ಷ ಆಡ್ಕೊಂಡೆಯಲ್ಲ ಮಾರಾಯ, ಒಂದ್ಸಲನಾದ್ರೂ ಹೇಗೆ ತೆಗೀಬೇಕು ಅಂತ ಹೇಳ್ಕೊಟ್ಯಾ?"

ಮನೆಗೆ ಬರುವ ದಾರಿಯುದ್ದಕ್ಕೂ ಆಸ್ಗರ್ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮನೆ ಬಾಗಿಲಲ್ಲಿ, ಸುಳ್ಳನ್ನು ಗೋಡೆಗೆ ಹಾಕಿಸಿಕೊಳ್ಳುವುದಿಲ್ಲ, ನಾಳೆಯೇ ಹೋಗಿ ಹೇಳುತ್ತೇನೆ ಎಂದ. ಮಂಗಳವಾರದವರೆಗೆ ತಡಿ ಎಂದೆ.

ಪ್ರೇಬೆನ್ ಕನ್ನಡಕ ಹಾಕಿಕೊಂಡೇ ಬಂದ. ಇಬ್ಬರೂ ತಲೆಗೆ ತಲೆ ಕೊಟ್ಟು ಕಂಪ್ಯೂಟರ್ ಮುಂದೆ ಕೂತರು. ಆಸ್ಗರ್ ಮೊದಲು ಪರೀಕ್ಷೆಗೆಂದು ತೆಗೆದು ಮರೆತಿದ್ದ ಹತ್ತು ಸೆಕೆಂಡಿನ ಚಿತ್ರಗಳು ಸಿಕ್ಕವು. ಅವುಗಳಲ್ಲಿ ನಕ್ಷತ್ರಗಳು ಸುಟ್ಟಿರಲಿಲ್ಲ, ಬಣ್ಣ ಹಾಗೆಯೇ ಇತ್ತು. ಹೆಚ್ಚು ಹೊತ್ತು ಬೆಳಕು ತುಂಬಿಸಿದ ಚಿತ್ರದಲ್ಲಿ ಬೆಳ್ಳಗಾಗಿದ್ದ ಜಾಗಕ್ಕೆಲ್ಲ ಈ ಬಣ್ಣ ಕೂರಿಸಿದರು. ಕೊನೆಗೆ ನನ್ನ ಫ್ರಿಜ್ಜಿನ ಕತ್ತಲೆಯನ್ನು ಕಳೆದರು. ಕೆಂಪು ಉಳಿಯಿತು, ನೀಲಿ ಉಳಿಯಿತು, ಹಸಿರು ಒಂದೂ ಉಳಿಯಲಿಲ್ಲ. ಆಸ್ಗರ್ ಮೂಗು ಒರೆಸಿಕೊಂಡ. ನೆಗಡಿ ಎಂದ.

ಗ್ರಂಥಾಲಯದ ಗೋಡೆಯಲ್ಲಿರುವುದು ಆ ಚಿತ್ರವೇ. ಮೊದಲಿನದು ಬರೀ ಮಾದರಿ ಎಂದು ಪ್ರೇಬೆನ್ ಎಲ್ಲರಿಗೂ ಗಂಭೀರವಾಗಿ ಹೇಳಿದ. ದೂರದರ್ಶಕ ನಮ್ಮ ಅಂಗಳದಲ್ಲೇ ಇದೆ.

ನನಗಾದ ನಷ್ಟ ಒಂದೇ. ಪ್ರೇಬೆನ್‌ನ ಹೆಂಡತಿ ಅವನ ಕ್ಯಾಮೆರಾವನ್ನು ತನ್ನ ಫ್ರಿಜ್ ಹತ್ತಿರ ಬಿಡುವುದಿಲ್ಲವಂತೆ. ಈಗ ನಮ್ಮ ಫ್ರಿಜ್‌ನಲ್ಲಿ ಎರಡು ಕ್ಯಾಮೆರಾ ಇವೆ, ಹೆರಿಂಗ್ ಜಾಡಿ ಕಿಟಕಿಯ ಹೊರಗೆ ಚಳಿಯಲ್ಲಿದೆ.